ಪೂರ್ತಿ ವಾಕ್ಯದಲ್ಲಿ ಉತ್ತರ ಬರೆ

ಚಾಮರಾಜನಗರ
೯-೧-೧೯೫೫

ತಂಗಿ ಸುಂದ್ರಮ್ಮನಿಗೆ,

ನಿನ್ನೆ ಬೆಳಗಿನ ಜಾವ ಒಂದು ಕೆಟ್ಟ ಕನಸು ಬಿತ್ತು. ಇಲ್ಲಿನ ರೈಲ್ವೆ ಸ್ಟೇಷನ್ನಿನ ಗೂಡ್ಸ್ ಷೆಡ್ಡು, ಅರಿಸಿನದ ಮೂಟೆಗಳ ಸಾಲು. ಸಾಲಿನ ಕೊನೆಯಲ್ಲಿ ಇನ್ನೊಂದು ಮೂಟೆಯ ಹಾಗೆ ಅವ್ವ ಕುಕ್ಕರಗಾಲಿನಲ್ಲಿ ಕುಳಿತಿದ್ದಾಳೆ. ಕೊರಳಿಗೆ ವಿಳಾಸದ ರಟ್ಟು ಕಟ್ಟಿದ್ದಾರೆ, ಅದರ ಮೇಲೆ ಏನೂ ಬರೆದಿಲ್ಲ. ಬರೆಯಬೇಕಾದವನು ನಾನು. ಯಾವ ಊರಿಗೆ ಎಂಬುದೇ ಹೊಳೆಯುತ್ತಿಲ್ಲ. "ಬೇಗ ಬರೀಲಾ ಬಸವ, ಗಾಡಿ ಓಯ್ತದೆ" ಎನ್ನುತ್ತಾಳೆ ಅವ್ವ. ಅಷ್ಟರಲ್ಲಿ ಎಚ್ಚರವಾಯಿತು.

ಅವ್ವ ಹೇಗಿದ್ದಾಳೆ? ಸೀಮೆಎಣ್ಣೆ ಬುಡ್ಡಿಯನ್ನು ಹಾಸಿಗೆಯಿಂದ ದೂರ ಇಡುತ್ತೀಯಾ? ಬಾವಿಯ ನೀರು ಕಾಯಿಸುತ್ತೀಯಾ? ನಿಮ್ಮ ಬೀದಿಯಲ್ಲಿ ಹುಚ್ಚುನಾಯಿ ತಿರುಗುತ್ತಿದೆ ಎಂದು ಬಸ್ಸಿನ ಕಂಡಕ್ಟರ್ ಮರಿಯಪ್ಪ ಹೇಳಿದ, ಹೌದೇ? ಒಂದೊಂದಕ್ಕೂ ಬೇರೆಬೇರೆ ಉತ್ತರ ಬರೆ. 'ಎಲ್ಲ ಸೌಖ್ಯ' ಎಂದು ಒಟ್ಟಾಗಿ ಬರೆದರೆ ನನಗೆ ನಿದ್ದೆ ಬರುವುದಿಲ್ಲ.

ಬಂದು ನೋಡಿಕೊಂಡು ಹೋಗೋಣವೆಂದರೆ ಆಗುವ ಹಾಗಿಲ್ಲ. ನಮ್ಮ ಮಂಡಿಯ ಸಾಹುಕಾರರು, ಶಿವಮಲ್ಲಪ್ಪನವರು, ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಹೇಳಿಬಿಟ್ಟಿದ್ದಾರೆ: "ಯುಗಾದಿಗಂಟ ಒಂದ್ ದಿನಾನೂ ತಪ್ಪಿಸ್ಕೂಡ್ದು. ಆಮ್ಯಾಲೆ ಕಾಯಂ ಮಾಡ್ತೀನಿ." ಭಾನುವಾರವೂ ಗಾಡಿಗಳು ಬರುತ್ತವೆ. ಎರಡನೇ ಫಾರಂ ಅರ್ಧಕ್ಕೇ ಬಿಟ್ಟವನಿಗೆ ಮೂಟೆಗಳ ಮೇಲೆ ಇಂಗ್ಲಿಷಿನಲ್ಲಿ ವಿಳಾಸ ಬರೆಯುವ ಕೆಲಸ ಸಿಕ್ಕಿದ್ದೇ ಹೆಚ್ಚು. ಅದು ಕೈತಪ್ಪಿದರೆ ಬೇರೆ ಯಾರೂ ಕೊಡುವುದಿಲ್ಲ.

ಈಗ ನಿನ್ನ ಪಾಠ. ನಿಮ್ಮ ಆಸ್ಪತ್ರೆಗೆ ಮಲಬಾರಿನಿಂದ ಬಂದಿರುವ ಡಾಕ್ಟರಮ್ಮನಿಗೆ ಕನ್ನಡ ಬಾರದು. ನೀನು ನಾಲ್ಕು ಮಾತು ಇಂಗ್ಲಿಷ್ ಕಲಿತರೆ ಕಸ ಗುಡಿಸುವುದನ್ನು ಬಿಡಿಸಿ ರೋಗಿಗಳ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತೇನೆ ಎಂದಿದ್ದಾರಲ್ಲ, ಆ ಮಾತು ಕೆಡಬಾರದು. ಗಂಡನನ್ನು ಕಳೆದುಕೊಂಡವಳಿಗೆ ಅದೊಂದು ನೆಲೆಯಾಗುತ್ತದೆ. ಅಕ್ಷರವೂ ಸಣ್ಣ ಪದಗಳೂ ನಿನಗೆ ಆಗಲೇ ಬರುತ್ತವೆ, ಅದಕ್ಕೇ ಈ ಸಲ ಹತ್ತು ಪ್ರಶ್ನೆ ಬೇರೆ ಹಾಳೆಯಲ್ಲಿ ಕಳಿಸಿದ್ದೇನೆ. ಪ್ರತಿಯೊಂದಕ್ಕೂ ಪೂರ್ತಿ ವಾಕ್ಯದಲ್ಲಿ ಉತ್ತರ ಬರೆ.

ಒಂದು ಮಾತು ನೆನಪಿಡು. ನಮ್ಮ ಮೇಷ್ಟರು "ಹ್ಯಾವ್ ಯು ಎ ಕೌ?" ಎಂದು ಒಬ್ಬೊಬ್ಬರನ್ನೂ ಎಬ್ಬಿಸಿ ಕೇಳುತ್ತಿದ್ದರು, ನಿನ್ನ ಬಳಿ ಹಸು ಇದೆಯೇ ಎಂದು. ನಮ್ಮ ಹಟ್ಟಿಯಲ್ಲಿ ಆಗ ಹಸು ಇರಲಿಲ್ಲ. 'ನೋ' ಎಂದೆ. ಅಂಗೈ ಮೇಲೆ ಎರಡು ಬಿತ್ತು. "ನಿಮ್ಮಟ್ಟಿ ಸಮಾಚಾರ ಯಾವನ್ ಕೇಳ್ದ? ವಾಕ್ಯ ಹೇಳ್ಲಾ!" ಎಂದರು. ಉತ್ತರ ನಿಜವಾಗಿರಬೇಕಿಲ್ಲ, ಪೂರ್ತಿಯಾಗಿರಬೇಕು. ಕಲಿಯುವ ದಾರಿ ಅದೇ.

ನಿನ್ನ ಅಣ್ಣ
ಚಿಕ್ಕಬಸವಯ್ಯ


ಗುಂಡ್ಲುಪೇಟೆ
೧೬-೧-೧೯೫೫

ಅಣ್ಣನಿಗೆ ಸುಂದ್ರಮ್ಮನ ನಮಸ್ಕಾರ.

ಬುಡ್ಡಿ ದೂರ ಇಡುತ್ತೇನೆ. ನೀರು ಕಾಯಿಸುತ್ತೇನೆ. ನಾಯಿಯನ್ನು ಹೊಡೆದುಹಾಕಿದರು. ಅವ್ವ ಸೌಖ್ಯ. ಇನ್ನು ಮುಂದೆ ನಾನು ಬರೆದ ಕಾಗದವನ್ನು ಪಕ್ಕದ ಮನೆಯ ದರ್ಜಿ ಕೆಂಪಯ್ಯನವರು ಅವ್ವನಿಗೆ ಓದಿ ಹೇಳಬೇಕಂತೆ, ಆಮೇಲೆ ಅಂಟು ಹಾಕಬೇಕಂತೆ. ಅದು ಅವ್ವನ ಕಟ್ಟಳೆ. "ನೀನು ಬರ್ಯೋದೊಂದು ಓದೋದೊಂದು ಮಾಡ್ತೀಯ ಕಣಮ್ಮಿ" ಎನ್ನುತ್ತಾಳೆ. ಕೆಂಪಯ್ಯನವರಿಗೆ ಇಂಗ್ಲಿಷ್ ಬಾರದ್ದರಿಂದ ಪಾಠದ ಹಾಳೆಯನ್ನು ಹಾಗೆಯೇ ಮಡಿಸಿ ಕೊಡುತ್ತಾರೆ.

ಡಾಕ್ಟರಮ್ಮ ಮೊನ್ನೆ ನನ್ನನ್ನು ಮೊದಲ ಸಲ ಪಕ್ಕದಲ್ಲಿ ನಿಲ್ಲಿಸಿಕೊಂಡರು. ಭೀಮನಬೀಡಿನಿಂದ ಒಬ್ಬ ಅಜ್ಜ ಬಂದಿದ್ದ. ಮೊಣಕಾಲು ನೋವು. ಎಷ್ಟು ದಿನದಿಂದ ಎಂದು ಕೇಳು ಎಂದರು ಡಾಕ್ಟರಮ್ಮ. ಕೇಳಿದೆ. "ನಮ್ಮಳಿಯ ಅಬ್ಬಕ್ಕೆ ಬರ್ನಿಲ್ಲ ಕಣವ್ವ" ಎಂದು ಶುರು ಮಾಡಿದ. ಅಳಿಯ ಬಾರದ್ದು, ಮಗಳು ಅತ್ತದ್ದು, ಇವನು ಸಿಟ್ಟಿನಲ್ಲಿ ಅವರೂರಿಗೆ ನಡೆದು ಹೋದದ್ದು, ದಾರಿಯಲ್ಲಿ ಕಾಲು ಉಳುಕಿದ್ದು. ಅಷ್ಟನ್ನೂ ಕೇಳಿ ನಾನು ಡಾಕ್ಟರಮ್ಮನಿಗೆ "ಟೆನ್ ಡೇಸ್" ಎಂದೆ. ಅವರು ನಕ್ಕುಬಿಟ್ಟರು. "ಇಷ್ಟುದ್ದ ಹೇಳಿದ್ದಕ್ಕೆ ಎರಡೇ ಮಾತಾ?" ಎಂದು ಕೈಸನ್ನೆಯಲ್ಲಿ ಕೇಳಿದರು.

ಪಾಠದ ಹಾಳೆ ಇದರ ಜೊತೆ ಇದೆ. ನಿಧಾನವಾಗಿ ಓದು ಅಣ್ಣ.

ಸುಂದ್ರಮ್ಮ

(ಹಾಳೆಯಿಂದ)
ವೇರ್ ಈಸ್ ಯುವರ್ ಮದರ್? — ಮೈ ಮದರ್ ಈಸ್ ಇನ್ ದಿ ಹೌಸ್. ಶಿ ಡಸ್ ನಾಟ್ ಗೋ ಔಟ್.
ಡಸ್ ಯುವರ್ ಮದರ್ ಈಟ್ ರೈಸ್? — ನೋ. ಮೈ ಮದರ್ ಈಟ್ ಲಿಟಲ್.


ಚಾಮರಾಜನಗರ
೨೩-೧-೧೯೫೫

ತಂಗಿ ಸುಂದ್ರಮ್ಮನಿಗೆ,

ನಾಯಿಯನ್ನು ಹೊಡೆದವರು ಅದನ್ನು ಆಳವಾಗಿ ಹೂತರೋ ಇಲ್ಲವೋ? ಮೇಲೆ ಮಣ್ಣು ಹಾಕಿ ಬಿಟ್ಟಿದ್ದರೆ ಮಳೆಗೆ ಹೊರಗೆ ಬರುತ್ತದೆ. ವಿಚಾರಿಸು. ನೀನು ರೋಗಿಗಳ ಹತ್ತಿರ ನಿಲ್ಲುವಾಗ ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತೀಯಾ? ಅದೂ ಒಂದು ಯೋಚನೆ ಹತ್ತಿಕೊಂಡಿದೆ.

ನಿನ್ನ ಹಾಳೆಯನ್ನು ಮೂಟೆಗೆ ಗುರುತು ಹಾಕುವ ಕೆಂಪು ಪೆನ್ಸಿಲ್ಲಿನಿಂದ ತಿದ್ದಿ ವಾಪಸು ಕಳಿಸಿದ್ದೇನೆ. ಹತ್ತಕ್ಕೆ ಏಳು. ಮೊದಲ ಸಲಕ್ಕೆ ಚೆನ್ನಾಗಿಯೇ ಮಾಡಿದ್ದೀಯ.

ಅವ್ವ ಎಲ್ಲಿದ್ದಾಳೆ ಎಂಬ ಪ್ರಶ್ನೆಗೆ 'ಮನೆಯಲ್ಲಿದ್ದಾಳೆ' ಎಂದರೆ ಮುಗಿಯಿತು. ಅದರ ಮುಂದೆ 'ಅವಳು ಹೊರಗೆ ಹೋಗುವುದಿಲ್ಲ' ಎಂದು ಯಾಕೆ ಸೇರಿಸಿದೆ? ಕೇಳಿದ್ದಷ್ಟಕ್ಕೇ ಉತ್ತರ. ಡಾಕ್ಟರಮ್ಮ ಒಂದು ಕೇಳಿದರೆ ನೀನು ಎರಡು ಹೇಳಿ ಬೇಸರ ಹಿಡಿಸಬಾರದು. ಅದನ್ನು ಹೊಡೆದುಹಾಕಿದ್ದೇನೆ. ಅವ್ವ ಅನ್ನ ಉಣ್ಣುತ್ತಾಳೆಯೇ ಎಂಬುದಕ್ಕೆ 'ಇಲ್ಲ, ಸ್ವಲ್ಪವೇ ಉಣ್ಣುತ್ತಾಳೆ' ಎಂದು ಬರೆದಿದ್ದೀಯ. 'ಎಸ್, ಮೈ ಮದರ್ ಈಟ್ಸ್ ರೈಸ್' ಎಂದು ಬರೆಯುವುದು ಕ್ರಮ. ಕೆಳಗೆ ಬರೆದುಕೊಟ್ಟಿದ್ದೇನೆ, ಹತ್ತು ಸಲ ನಕಲು ಮಾಡು. 'ನೋ' ಎಂದು ಶುರು ಮಾಡುವ ಚಟ ಬಿಡು, ನಾನು ಅದಕ್ಕೇ ಏಟು ತಿಂದವನು.

ಅವ್ವ ಕಾಗದ ಓದಿಸಿ ಕೇಳುತ್ತಾಳೆ ಎಂಬುದನ್ನು ಓದಿ ಸಂತೋಷವಾಯಿತು. ನನ್ನ ಮೇಲೆ ಅವಳಿಗೆ ಎಷ್ಟು ಅಕ್ಕರೆ ನೋಡು.

ಮುಂದಿನ ಹತ್ತು ಪ್ರಶ್ನೆ ಇಟ್ಟಿದ್ದೇನೆ. ಇವು ಸ್ವಲ್ಪ ಕಷ್ಟ. ಯಾರು, ಏನು, ಯಾಕೆ ಎಂದು ಕೇಳುವಂಥವು.

ಅಣ್ಣ


ಗುಂಡ್ಲುಪೇಟೆ
೬-೨-೧೯೫೫

ಅಣ್ಣನಿಗೆ,

ನಾಯಿಯನ್ನು ಆಳವಾಗಿಯೇ ಹೂತಿದ್ದಾರೆ. ಸೆರಗು ಕಟ್ಟಿಕೊಳ್ಳುತ್ತೇನೆ. ಅವ್ವ ಸೌಖ್ಯ. "ಚೆನ್ನಾಗ್ ಉಂಡ್ಕೊಂಡು ಗಟ್ಟಿಮುಟ್ಟಾಗವ್ಳೆ ಅಂತ ಬರಿ" ಎಂದು ಅವ್ವ ಹೇಳಿದಳು. ಬರೆದಿದ್ದೇನೆ.

ಕಸಪೊರಕೆಯನ್ನು ಈಗ ಬೇರೊಬ್ಬಳು ಹಿಡಿದಿದ್ದಾಳೆ. ನಾನು ಬೆಳಗಿನ ಹೊತ್ತೆಲ್ಲ ಡಾಕ್ಟರಮ್ಮನ ಪಕ್ಕದಲ್ಲೇ. ಎಲ್ಲಿ ನೋವು, ಯಾವಾಗಿನಿಂದ, ವಾಂತಿ ಉಂಟೇ ಎಂದು ಕೇಳುವುದು ಬಾಯಿಗೆ ಬಂದಿದೆ. ಬಿಡುವಾದಾಗ ಅವರೇ ನನ್ನ ಪಾಠದ ಹಾಳೆಯನ್ನು ತೆಗೆದು ನೋಡುತ್ತಾರೆ. ನಿನ್ನ ಕೆಂಪು ಗೆರೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಿದರು. "ಯುವರ್ ಬ್ರದರ್?" ಎಂದು ಕೇಳಿದರು. ಎಸ್ ಎಂದೆ. ಹಾಳೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟರು.

ಅಣ್ಣ, ಪಾಠದ ಹಾಳೆಯನ್ನು ಕೆಲಸದ ನಡುವೆ ತಿದ್ದಬೇಡ. ಒಬ್ಬನೇ ಕುಳಿತು ಓದು. ನಿನಗೆ ಕೈಮುಗಿಯುತ್ತೇನೆ.

ಸುಂದ್ರಮ್ಮ

(ಹಾಳೆಯಿಂದ)
ವಾಟ್ ಈಸ್ ಬಿಗ್? — ಮೈ ಮದರ್ ಬೆಲ್ಲಿ ಈಸ್ ಬಿಗ್.
ಹೂ ಈಸ್ ಲಾಫಿಂಗ್? — ಆಲ್ ವಿಮೆನ್ ಆರ್ ಲಾಫಿಂಗ್ ಅಟ್ ಮೈ ಮದರ್.
ವೈ ಆರ್ ಯು ಕ್ರೈಯಿಂಗ್? — ಐ ಆಮ್ ಕ್ರೈಯಿಂಗ್ ಬಿಕಾಸ್ ಐ ಕೆನಾಟ್ ಟೆಲ್.


ಚಾಮರಾಜನಗರ
೧೩-೨-೧೯೫೫

ತಂಗಿ ಸುಂದ್ರಮ್ಮನಿಗೆ,

ಅವ್ವ ಗಟ್ಟಿಮುಟ್ಟಾಗಿದ್ದಾಳೆ ಎಂಬ ಒಂದು ಸಾಲನ್ನು ನಾಲ್ಕು ಸಲ ಓದಿಕೊಂಡೆ. ಆ ಕನಸಿನ ಭಾರ ಇಳಿಯಿತು. ಈಗ ನನಗಿರುವ ಯೋಚನೆ ನಿಮ್ಮ ಮನೆಯ ಹೆಂಚಿನದು. ಗಾಳಿಗೆ ಜಾರಿ ಅವ್ವನ ತಲೆಯ ಮೇಲೆ ಬಿದ್ದರೆ? ಮನೆಯ ಮಾಲೀಕರಿಗೆ ಹೇಳಿ ಒಂದು ಸಲ ನೋಡಿಸು.

ಪಾಠದ ವಿಷಯದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಹತ್ತಕ್ಕೆ ಐದು ಕೊಟ್ಟಿದ್ದೇನೆ, ಅದೂ ನೀನು ತಂಗಿ ಎಂದು. ಯಾವುದು ದೊಡ್ಡದು ಎಂದು ಕೇಳಿದರೆ 'ಅವ್ವನ ಹೊಟ್ಟೆ ದೊಡ್ಡದು' ಎಂದು ಬರೆಯುವುದೇ? ಬಂಡೀಪುರದ ಕಾಡು ಪಕ್ಕದಲ್ಲಿಟ್ಟುಕೊಂಡು ಆನೆ ನೆನಪಾಗಲಿಲ್ಲವೇ ನಿನಗೆ? ಹೆತ್ತವಳನ್ನು ಹೀಗೆ ಹಾಸ್ಯ ಮಾಡಬಾರದು. ಬೆಲ್ಲಿ ಎಂಬುದನ್ನು ಹೊಡೆದುಹಾಕಿ ಎಲಿಫೆಂಟ್ ಎಂದು ಬರೆದಿದ್ದೇನೆ. ಯಾರು ನಗುತ್ತಿದ್ದಾರೆ ಎಂದರೆ 'ಹೆಂಗಸರೆಲ್ಲ ಅವ್ವನನ್ನು ನೋಡಿ ನಗುತ್ತಿದ್ದಾರೆ' ಅಂತೆ! 'ಮಗು ನಗುತ್ತಿದೆ' ಎಂದು ಬರೆ. ಯಾಕೆ ಅಳುತ್ತೀಯ ಎಂದರೆ 'ಹೇಳಲಾರೆ, ಅದಕ್ಕೇ ಅಳುತ್ತೇನೆ' ಎಂದು ಬರೆದಿದ್ದೀಯ. ಹೇಳಲಾರದವಳು ಉತ್ತರ ಯಾಕೆ ಬರೆಯಬೇಕು? ಬಿದ್ದೆ ಎಂದೋ ಹಸಿವು ಎಂದೋ ಬರೆದರೆ ಆಯಿತು.

ಇಷ್ಟು ಅಪಶಕುನದ ಮಾತು ಎಲ್ಲಿಂದ ಹೊಳೆಯುತ್ತವೆ ನಿನಗೆ? ದಿನವೂ ರೋಗಿಗಳ ಮುಖ ನೋಡಿ ಮನಸ್ಸು ಹಾಗಾಗಿದೆಯೋ ಏನೋ. ಒಂದು ಶನಿವಾರ ದೇವಸ್ಥಾನಕ್ಕೆ ಹೋಗಿ ಬಾ.

ಈ ಸಲದ್ದು 'ಮಸ್ಟ್' ಎಂಬುದರ ಪಾಠ, ಮಾಡಲೇಬೇಕು ಎಂಬ ಅರ್ಥ. ಕೊನೆಯ ಪ್ರಶ್ನೆ 'ಡೂ ಯು ಅಂಡರ್‌ಸ್ಟ್ಯಾಂಡ್?' ಅದಕ್ಕೆ ಎಸ್ ಎಂದು ಬರೆದರೆ ಒಂದು ಅಂಕ ಸುಮ್ಮನೆ ಸಿಗುತ್ತದೆ.

ಅಣ್ಣ


ಗುಂಡ್ಲುಪೇಟೆ
೨೨-೨-೧೯೫೫

ಅಣ್ಣನಿಗೆ,

ಹೆಂಚು ನೋಡಿಸಿದೆ. ಅವ್ವ ಸೌಖ್ಯ. ಇನ್ನೇನೂ ವಿಶೇಷವಿಲ್ಲ.

ಸುಂದ್ರಮ್ಮ

(ಹಾಳೆಯಿಂದ)
ವೇರ್ ಮಸ್ಟ್ ಯು ಗೋ? — ವಿ ಮಸ್ಟ್ ಗೋ ಟು ಮೈಸೂರ್ ಹಾಸ್ಪಿಟಲ್.
ವೆನ್ ಮಸ್ಟ್ ಯು ಗೋ? — ಬಿಫೋರ್ ಯುಗಾದಿ. ಡಾಕ್ಟರ್ ಸೇಸ್ ಆಫ್ಟರ್ ಯುಗಾದಿ ಈಸ್ ಲೇಟ್.
ಹೂ ಮಸ್ಟ್ ಕಮ್? — ಸನ್ ಮಸ್ಟ್ ಕಮ್. ಸನ್ ಮಸ್ಟ್ ಸೈನ್.
ಡೂ ಯು ಅಂಡರ್‌ಸ್ಟ್ಯಾಂಡ್? — ಐ ಅಂಡರ್‌ಸ್ಟ್ಯಾಂಡ್. ಯು ಡೂ ನಾಟ್ ಅಂಡರ್‌ಸ್ಟ್ಯಾಂಡ್.


ಚಾಮರಾಜನಗರ
೨೬-೨-೧೯೫೫

ಸುಂದ್ರ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೇಗೋ ಓದಿಕೋ. ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ಮರಿಯಪ್ಪನ ಕೈಯಲ್ಲಿ ಕೊಡುತ್ತಿದ್ದೇನೆ, ಆಸ್ಪತ್ರೆಗೇ ತಂದು ನಿನ್ನ ಕೈಗೇ ಕೊಡುತ್ತಾನೆ. ಕೆಂಪಯ್ಯನ ಅಂಗಡಿಯ ಮುಂದೆ ಇದು ಹಾಯಬಾರದು.

ಇವತ್ತು ಬೆಳಿಗ್ಗೆ ನಿನ್ನ ಹಾಳೆ ಬಂತು. ಕೊನೆಯ ಸಾಲು ನೋಡಿ ನಗು ಬಂತು ಕಣಮ್ಮ, ನನಗೆ ನಗು ಬಂತು. ಗೂಡ್ಸ್ ಷೆಡ್ಡಿನ ಗುಮಾಸ್ತರು ನಂಜುಂಡಪ್ಪನವರು ಎದುರಿಗೇ ಕೂತು ಎಲೆ ಅಡಿಕೆ ಹಾಕುತ್ತಿದ್ದರು. "ನೋಡಿ ಸ್ವಾಮಿ, ನನ್ನ ತಂಗಿ ಮೇಷ್ಟರಿಗೇ ಅರ್ಥವಾಗುವುದಿಲ್ಲ ಅಂತ ಬರ್ದವ್ಳೆ" ಎಂದು ಹಾಳೆ ಮುಂದಿಟ್ಟೆ. ಅವರು ಓದಿದರು. ನಗಲಿಲ್ಲ.

"ಇದ್ಕೆ ಮುಂಚಿನವು ಏನ್ ಬರ್ದಿದ್ಲು?" ಎಂದರು.

ತಿದ್ದಿದವನೇ ನಾನು, ಎಲ್ಲ ಬಾಯಲ್ಲೇ ಇತ್ತು. ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ ಎಂದು ಒಪ್ಪಿಸತೊಡಗಿದೆ.

"ಪ್ರಶ್ನೆ ಬುಡ್ಲಾ. ಬರೀ ಉತ್ರ ಯೋಳು."

ಹೇಳಿದೆ. ಅವ್ವ ಹೊರಗೆ ಹೋಗುವುದಿಲ್ಲ. ಸ್ವಲ್ಪವೇ ಉಣ್ಣುತ್ತಾಳೆ. ಅವ್ವನ ಹೊಟ್ಟೆ ದೊಡ್ಡದಾಗಿದೆ. ಹೆಂಗಸರೆಲ್ಲ ನೋಡಿ ನಗುತ್ತಿದ್ದಾರೆ. ಹೇಳಲಾರೆ, ಅದಕ್ಕೇ ಅಳುತ್ತಿದ್ದೇನೆ. ಮೈಸೂರಿನ ಆಸ್ಪತ್ರೆಗೆ ಹೋಗಲೇಬೇಕು. ಯುಗಾದಿ ಕಳೆದರೆ ತಡವಾಗುತ್ತದೆ. ಮಗ ಬರಬೇಕು. ಮಗ ರುಜು ಹಾಕಬೇಕು.

ಕೊನೆಯದನ್ನು ಹೇಳುವಷ್ಟರಲ್ಲಿ ಕೆಂಪು ಪೆನ್ಸಿಲ್ಲನ್ನು ಕೆಳಗಿಟ್ಟಿದ್ದೆ.

"ಥೂ ನಿನ್ನ" ಎಂದು ನಂಜುಂಡಪ್ಪನವರು ಎಲೆಯನ್ನು ಉಗಿದು ಎದ್ದುನಿಂತರು. "ಇದು ಪಾಠ ಅಲ್ಲ ಕಣ್ಲಾ, ಕಾಗ್ದ. ಎಣ್ಣುಮಗ್ಳು ಒಂದೂವರೆ ತಿಂಗ್ಳಿಂದ ಕೂಗ್ಕೋತಾವ್ಳೆ, ನೀನು ಮಾರ್ಕ್ ಕೊಟ್ಕೊಂಡ್ ಕೂತಿದ್ದೀಯಲ್ಲೋ!"

ಸುಂದ್ರ, ನಾನು ಅವ್ವನ ಹೊಟ್ಟೆಯನ್ನು ಹೊಡೆದುಹಾಕಿ ಆನೆ ಎಂದು ಬರೆದೆ. ಅವ್ವ ಉಣ್ಣುವುದಿಲ್ಲ ಎಂದರೆ ಉಣ್ಣುತ್ತಾಳೆ ಎಂದು ಹತ್ತು ಸಲ ನಕಲು ಮಾಡಿಸಿದೆ. ಹೆಂಚಿನ ಬಗ್ಗೆ ಕೇಳಿದೆ. ಸತ್ತ ನಾಯಿಯನ್ನು ಎಷ್ಟು ಆಳ ಹೂತರು ಎಂದು ಕೇಳಿದೆ. ಪ್ರಪಂಚದಲ್ಲಿರುವ ಹೆದರಿಕೆಗಳನ್ನೆಲ್ಲ ಒಂದೊಂದಾಗಿ ಎಣಿಸಿದವನಿಗೆ ಇದೊಂದು ಕಣ್ಣಿಗೆ ಬೀಳಲಿಲ್ಲ.

ಈಗಲೇ ಹೊರಡುತ್ತಿದ್ದೆ. ನಂಜುಂಡಪ್ಪನವರು ತೋಳು ಹಿಡಿದು ಕೂರಿಸಿದರು. "ಅಲ್ಲೋಗಿ ಬಾಯ್ ಬಡ್ಕೊಂಡ್ರೆ ಗೆಡ್ಡೆಯೋ ಗಾಳಿಯೋ ಕರಗಿ ಓಯ್ತದಾ? ಏನು ಬೇಕು ಅಂತ ಮೊದ್ಲು ಕೇಳು" ಎಂದರು. ಕೇಳುತ್ತಿದ್ದೇನೆ. ಅವ್ವನಿಗೆ ಏನಾಗಿದೆ? ಯಾವಾಗಿನಿಂದ? ಡಾಕ್ಟರಮ್ಮ ಏನು ಹೇಳಿದರು? ನಾನು ಎಲ್ಲಿಗೆ ಹೋಗಿ ಯಾವುದಕ್ಕೆ ರುಜು ಹಾಕಬೇಕು? ಕನ್ನಡದಲ್ಲಿ ಯಾಕೆ ಬರೆಯಲಿಲ್ಲ?

ವಾಕ್ಯ ಪೂರ್ತಿ ಇರಬೇಕಾಗಿಲ್ಲ. ನಿಜ ಇದ್ದರೆ ಸಾಕು.

ಬಸವ


ಗುಂಡ್ಲುಪೇಟೆ
೧-೩-೧೯೫೫

ಅಣ್ಣ,

ನಿನ್ನ ಕಾಗದ ಓದಿ ಆಸ್ಪತ್ರೆಯ ಹಿಂದಿನ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಮರಿಯಪ್ಪ ಹೆದರಿ ನೀರು ತಂದುಕೊಟ್ಟ.

ಕನ್ನಡದಲ್ಲಿ ಯಾಕೆ ಬರೆಯಲಿಲ್ಲ ಎಂದು ಕೇಳಿದ್ದೀಯ. ಅವ್ವ ತನ್ನ ತಲೆಯ ಮೇಲೆ ನನ್ನ ಕೈ ಇರಿಸಿ ಆಣೆ ಮಾಡಿಸಿಕೊಂಡಿದ್ದಳು, ಬಸವನಿಗೆ ಹಾಕುವ ಕಾಗದದಲ್ಲಿ ಈ ಕಾಯಿಲೆಯ ಒಂದಕ್ಷರವನ್ನೂ ಬರೆಯುವುದಿಲ್ಲ ಎಂದು. ನಂಬಿಕೆ ಸಾಲದೆ ಕೆಂಪಯ್ಯನವರನ್ನು ಕಾವಲಿಟ್ಟಳು. ಪಾಠದಲ್ಲಿ ಬರೆಯಬಾರದು ಎಂದು ಆಣೆಯಲ್ಲಿ ಇರಲಿಲ್ಲ. ನನಗೆ ಉಳಿದಿದ್ದ ದಾರಿ ಅದೊಂದೇ.

ನಿನ್ನೆ ಮನೆಗೆ ಹೋಗಿ, ನಿನಗೆ ಗೊತ್ತಾಗಿದೆ ಎಂದು ಅವ್ವನಿಗೆ ಹೇಳಿದೆ. ಅವಳು ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡಳು.

"ಆಣೆ ಮುರ್ದೆ."

"ಮುರೀಲಿಲ್ಲ ಕಣವ್ವ. ಪಾಠ ಬರ್ದೆ."

"ಪಾಠದೊಳ್ಗೆ ನನ್ ಒಟ್ಟೆ ಸಮಾಚಾರ ಯಾಕಮ್ಮಿ ಬೇಕಿತ್ತು? ಊರ್ಗೆಲ್ಲ ಗೊತ್ತಾದದ್ದು ಸಾಲ್ದು ಅಂತ ಇಂಗ್ಲೀಸ್ನೋರ್ಗೂ ಗೊತ್ತಾಗ್ಲಿ ಅಂತಲಾ?"

ಆಮೇಲೆ ನನ್ನನ್ನು ಹತ್ತಿರ ಎಳೆದುಕೊಂಡು ಅತ್ತಳು. ಇನ್ನು ಬರಿ ಎಂದಳು. ಅದಕ್ಕೇ ಬರೆಯುತ್ತಿದ್ದೇನೆ.

ದೀಪಾವಳಿಯಿಂದ ಹೊಟ್ಟೆ ಉಬ್ಬತೊಡಗಿತು. ಮೊದಲು ವಾಯು ಎಂದುಕೊಂಡೆವು. ಬಾವಿಯ ಹತ್ತಿರ ನಮ್ಮ ಬೀದಿಯ ಕರಿಬಸಮ್ಮ ಎಲ್ಲರೆದುರಿಗೆ, "ಏನ್ ದೊಡ್ಡಮಲ್ಲಮ್ಮ, ತೊಟ್ಲು ಯಾವಾಗ ತರಿಸ್ತೀಯೆ? ಗಂಡ ಸತ್ತು ಅನ್ನೆರಡು ವರ್ಸಕ್ಕೆ ಬಯಕೆ ಬಂದದಾ?" ಎಂದಳು. ಹೆಂಗಸರೆಲ್ಲ ನಕ್ಕರು. ಅವ್ವ ಕೊಡವನ್ನು ಅಲ್ಲೇ ಬಿಟ್ಟು ಬಂದವಳು ಮತ್ತೆ ಹೊಸಿಲು ದಾಟಲಿಲ್ಲ. ಎರಡು ಸೀರೆ ಸುತ್ತಿಕೊಂಡು ಮೂಲೆಯಲ್ಲಿ ಕೂರುತ್ತಾಳೆ. ನಾನೇ ಡಾಕ್ಟರಮ್ಮನನ್ನು ಮನೆಗೆ ಕರೆತಂದೆ. ಒಳಗೆ ದೊಡ್ಡ ಗೆಡ್ಡೆ ಇದೆ, ನೀರು ತುಂಬಿದ ಚೀಲದ ಹಾಗೆ. ಕೊಯ್ದು ತೆಗೆದರೆ ಬದುಕುತ್ತಾಳೆ, ಒಳಗೇ ಒಡೆದರೆ ಇಲ್ಲ ಎಂದರು. ಅವರ ಮಾತನ್ನು ಕನ್ನಡಕ್ಕೆ ತಿರುಗಿಸಿ ಅವ್ವನಿಗೆ ಹೇಳಬೇಕಾದವಳೂ ನಾನೇ. 'ಒಡೆದರೆ' ಎಂಬಲ್ಲಿ ನಿಂತುಬಿಟ್ಟೆ. "ಮುಂದ್ಕೇನಂದ್ರು ಯೋಳು" ಎಂದಳು ಅವ್ವ. ವಾಯು ಎಂದಿದ್ದಾರೆ ಎಂದು ಸುಳ್ಳು ಹೇಳಿದೆ. ಅವಳಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು.

ಅವ್ವ ನಿನಗೆ ಯಾಕೆ ಮುಚ್ಚಿಟ್ಟಳು ಗೊತ್ತೇ? ಅಪ್ಪನಿಗೆ ಕಾಯಿಲೆಯಾದಾಗ ನಿನಗೆ ಕಾಗದ ಹಾಕಿಸಿದ್ದು ಅವಳು. ನೀನು ಪರೀಕ್ಷೆ ಬಿಟ್ಟು ಓಡಿಬಂದೆ. ಅಪ್ಪ ನಾಲ್ಕೇ ದಿನಕ್ಕೆ ಹೋದರು, ನೀನು ಮತ್ತೆ ಸ್ಕೂಲಿಗೆ ಹೋಗಲಿಲ್ಲ. "ಒಂದ್ ಕಾಗ್ದ ಆಕ್ಸಿ ಅವನ್ ಓದು ಕಳ್ದೆ. ಇನ್ನೊಂದ್ ಆಕ್ಸಿ ಅವನ್ ಅನ್ನ ಕಳೀಲಾ?" ಎನ್ನುತ್ತಾಳೆ. ಈಗಲೂ ಒಂದೇ ಹಟ. ನಿನ್ನ ಕೆಲಸ ಹೋಗುವುದಾದರೆ ಮೈಸೂರಿನ ಬಸ್ಸು ಹತ್ತುವುದಿಲ್ಲವಂತೆ.

ಡಾಕ್ಟರಮ್ಮನ ಚೀಟಿ ಇದರಲ್ಲಿದೆ. ಅದನ್ನು ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ತೋರಿಸಿ ಹಾಸಿಗೆ ಗೊತ್ತು ಮಾಡಿ, ಅಲ್ಲಿ ಕೊಡುವ ಅರ್ಜಿಯನ್ನು ತುಂಬಬೇಕು. ಇಲ್ಲಿಗೆ ಬರುವುದಕ್ಕಿಂತ ಮೊದಲು ಅಲ್ಲಿಗೆ ಹೋಗು ಅಣ್ಣ.

ಸುಂದ್ರ


ಚಾಮರಾಜನಗರ
೬-೩-೧೯೫೫

ಸುಂದ್ರ,

ನಿನ್ನ ಕಾಗದದಲ್ಲಿ ಕರಿಬಸಮ್ಮನ ಮಾತಿನ ಹತ್ತಿರ ಬಂದಾಗ ಮಂಡಿಯ ನಡುವೆ ನಿಂತಿದ್ದೆ. ಅಲ್ಲೇ ಬೆಲ್ಲದ ಗೋಣಿಯ ಮೇಲೆ ಕೂತು ಉಳಿದದ್ದನ್ನು ಓದಿದೆ. ಅವ್ವ ನಾಲ್ಕು ತಿಂಗಳಿನಿಂದ ಮೂಲೆಯಲ್ಲಿ ಎರಡು ಸೀರೆ ಸುತ್ತಿಕೊಂಡು ಕುಳಿತಿದ್ದಾಳೆ. ಆ ನಾಲ್ಕು ತಿಂಗಳೂ ನಾನು ಅವಳ ಮೇಲೆ ಹೆಂಚು ಬೀಳುತ್ತದೆ ಎಂದು ಹೆದರುತ್ತಿದ್ದೆ.

ಸಾಹುಕಾರರ ಮುಂದೆ ಹೋಗಿ ನಿಂತೆ. ಡಾಕ್ಟರಮ್ಮನ ಚೀಟಿ ಮುಂದಿಟ್ಟೆ, ನಂಜುಂಡಪ್ಪನವರೇ ಎಲ್ಲ ಹೇಳಿದರು. ಸಾಹುಕಾರರು ಚೀಟಿಯನ್ನು ತಿರುವಿ ನೋಡಿ, "ಎತ್ತವ್ವನ ಒಟ್ಟೆ ಸಮಾಚಾರ ಮಾರ್ಕು ಕೊಟ್ಟು ತಿಳ್ಕೊಂಡೋನು ನೀನೊಬ್ನೇ ಕಣ್ಲಾ. ಓಗು. ಅತ್ತು ದಿನ ಕಾಯ್ತೀನಿ, ಮಂಡಿ ನಿಲ್ಲಾಕಿಲ್ಲ. ಅನ್ನೊಂದ್ನೇ ದಿನ ಏನ್ಮಾಡ್ತೀನೋ ಈಗ್ ಯೋಳಾಕಾಗಾಕಿಲ್ಲ" ಎಂದರು. ಕೆಲಸ ಇದೆ ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಅವ್ವ ಕೇಳಿದರೆ ಇದನ್ನು ಹೀಗೆಯೇ ಹೇಳು. ಕಾಯಂ ಆಗಿದೆ ಎಂದು ಸುಳ್ಳು ಹೇಳಿ ಬಸ್ಸು ಹತ್ತಿಸೋಣ ಎಂದು ಒಂದು ಗಳಿಗೆ ನನಗೂ ಅನ್ನಿಸಿತು. ಇನ್ನು ಸುಳ್ಳು ಬೇಡ.

ಶುಕ್ರವಾರದ ರೈಲಿಗೆ ಮೈಸೂರಿಗೆ ಹೋದೆ. ದೊಡ್ಡಾಸ್ಪತ್ರೆಯಲ್ಲಿ ಮೂರು ಕಡೆ ಕೇಳಿಕೊಂಡು ಸರಿಯಾದ ಕಿಟಕಿ ಸಿಕ್ಕಿತು. ಚೀಟಿ ನೋಡಿ ಒಬ್ಬ ಡಾಕ್ಟರು ಹೊರಗೇ ಬಂದು, "ಇಷ್ಟು ದಿನ ಯಾಕೆ ಬಿಟ್ಟಿರಿ?" ಎಂದು ಕೇಳಿದರು. ಎಷ್ಟೋ ಪ್ರಶ್ನೆಗೆ ಉತ್ತರ ಬರೆಸಿದ ನಾನು ಅದೊಂದಕ್ಕೆ ಚೀಟಿಯನ್ನೇ ಮತ್ತೆ ಮುಂದೆ ಹಿಡಿದೆ. ಬುಧವಾರ ಒಂಬತ್ತನೇ ತಾರೀಕಿಗೆ ಹಾಸಿಗೆ ಗೊತ್ತಾಗಿದೆ. ಬೆಳಗಿನ ಮೈಸೂರು ಬಸ್ಸಿಗೆ ಹೊರಡಿ. ಅವ್ವನನ್ನು ಚಕ್ರದ ಮೇಲಿನ ಸೀಟಿನಲ್ಲಿ ಕೂರಿಸಬೇಡ, ಕುಲುಕುತ್ತದೆ. ಡ್ರೈವರಿಗೆ ನಿಧಾನವಾಗಿ ಓಡಿಸಲು ಹೇಳು. ಹಳ್ಳ ಬಂದಲ್ಲೆಲ್ಲ ಹೊಟ್ಟೆಗೆ ಆನಿಸಲು ದಿಂಬು ಇಟ್ಟುಕೋ. ನಾನು ಹಿಂದಿನ ದಿನವೇ ಹೋಗಿ ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ.

ಅರ್ಜಿ ಇದರ ಜೊತೆ ಇದೆ, ಮರಿಯಪ್ಪನ ಕೈಯಲ್ಲೇ ಕಳಿಸುತ್ತಿದ್ದೇನೆ, ಬುಧವಾರ ಬರುವಾಗ ತಾ. ಪೂರ್ತಿ ಇಂಗ್ಲಿಷಿನಲ್ಲಿದೆ. ಇಂಗ್ಲಿಷ್ ಬರುತ್ತದೆಯೇ ಎಂದು ಅಲ್ಲಿನ ಗುಮಾಸ್ತರು ಕೇಳಿದಾಗ ಬರುತ್ತದೆ ಎಂದೆ, ಕಡಲೆಕಾಯಿ ಮಾರುವವಳ ಪಕ್ಕದ ಜಗಲಿಯ ಮೇಲೆ ಕೂತು ತುಂಬಲು ಹೋದೆ. ಹೆಸರು ದೊಡ್ಡಮಲ್ಲಮ್ಮ. ಸಂಬಂಧ ಮಗ. ಎಷ್ಟು ಕಾಲದಿಂದ ಕಾಯಿಲೆ ಎಂಬಲ್ಲಿ ನಾಲ್ಕು ತಿಂಗಳು ಎಂದು ಬರೆಯುವಾಗ ಮುಖ ಎತ್ತಲಾಗಲಿಲ್ಲ. ಆರನೆಯದು ನನಗೆ ಹಾಕಿದ ಪ್ರಶ್ನೆ: ಕೊಯ್ಯುವಾಗ ಪ್ರಾಣ ಹೋಗಬಹುದು, ತಿಳಿದಿದೆಯೇ, ಒಪ್ಪಿಗೆ ಇದೆಯೇ? ಅದನ್ನು ಎಷ್ಟು ಸಲ ಓದಿದೆನೋ. ಕೊನೆಗೆ 'ಎಸ್' ಎಂದು ಬರೆದು ರುಜು ಹಾಕಿದೆ. ಒಂದೇ ಮಾತು. ವಾಕ್ಯ ಮಾಡಲು ಆಗಲಿಲ್ಲ.

ಏಳನೆಯದು ಅವ್ವನ ಬಗ್ಗೆ. ರೋಗಿಗೆ ಎಲ್ಲ ವಿಷಯ ತಿಳಿಸಿದ್ದೀರಾ, ರೋಗಿ ತಾನಾಗಿ ಒಪ್ಪಿದ್ದಾರೆಯೇ ಎಂದು ಕೇಳಿದ್ದಾರೆ. ಕೈ ತಾನೇ ಬರೆದುಬಿಟ್ಟಿತು: ಎಸ್, ಮೈ ಮದರ್ ಅಗ್ರೀಸ್. ಬರೆದ ಮೇಲೆ ಅದನ್ನೇ ಇನ್ನೊಂದು ಸಲ ಓದಿದೆ. ಅವ್ವ ಎಲ್ಲಿ ಒಪ್ಪಿದ್ದಾಳೆ? ಡಾಕ್ಟರಮ್ಮ ನಿನ್ನನ್ನು ಕೇಳಿದರು, ನೀನು ನನ್ನನ್ನು ಕೇಳಿದೆ, ಸಾಹುಕಾರರನ್ನು ನಾನು ಕೇಳಿದೆ. ಒಡೆದರೆ ಉಳಿಯುವುದಿಲ್ಲ ಎಂಬ ಮಾತನ್ನು ಇವತ್ತಿನವರೆಗೂ ಯಾರೂ ಅವಳ ಮುಖ ನೋಡಿ ಹೇಳಿಲ್ಲ. ಬೇಕೋ ಬೇಡವೋ ಎಂದು ಅವಳನ್ನು ಒಬ್ಬರೂ ಕೇಳಿಲ್ಲ.

ಆರರವರೆಗೆ ಮಸಿಯಲ್ಲಿದೆ, ಅಷ್ಟಕ್ಕೆ ಪೆನ್ನು ಒಣಗಿತ್ತು. ಏಳನೆಯದನ್ನು ಪುಣ್ಯಕ್ಕೆ ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ, ಅಳಿಸಿದರೆ ಹೋಗುತ್ತದೆ. ಕೆಂಪಯ್ಯನವರು ಬೇಡ, ಬೇರೆ ಯಾರೂ ಬೇಡ. ನೀನೇ ಅವ್ವನ ಎದುರಿಗೆ ಕೂತು, ಗೆಡ್ಡೆಯ ವಿಷಯ, ಕೊಯ್ಯುವ ವಿಷಯ, ನನ್ನ ಕೆಲಸದ ವಿಷಯ ಒಂದನ್ನೂ ಬಿಡದೆ ಹೇಳಿ ಕೇಳು. ಅವಳು ಬೇರೆ ಏನು ಹೇಳಿದರೂ ಅದನ್ನೇ ಬರೆ. ನಾನು ತಿದ್ದುವುದಿಲ್ಲ. ಬುಧವಾರದ ಬಸ್ಸಿನಿಂದ ಅವ್ವ ಇಳಿಯುತ್ತಾಳೋ ಇಲ್ಲವೋ ಎಂದು ನೋಡುತ್ತಾ ನಿಂತಿರುತ್ತೇನೆ. ಅದಕ್ಕೆ ಮುಂಚೆ ಆ ಏಳನೇ ಉತ್ತರ ಸರಿಯಾಗಿದೆಯೇ, ಇನ್ನೊಂದು ಸಲ ನೋಡು.

ಬಸವ